ಸ್ಟೋಮಾ ಬ್ಯಾಗ್ ಸೋರಿದರೆ ಏನು ಮಾಡಬೇಕು?

ಆಪರೇಷನ್ ಮಾಡಿ ಕರುಳನ್ನು ಹೊಟ್ಟೆ ಮೇಲೆ ತೆರೆದ ಬಾಯಿಯೇ ಸ್ಟೋಮಾ; ಅಲ್ಲಿಂದ ಬರುವ ಮಲ ಹಿಡಿಯಲು ಅಂಟಿಸುವ ಚೀಲ ಸ್ಟೋಮಾ ಬ್ಯಾಗ್. ಅದು ಸೋರಿದರೆ ಮೊದಲು, ಸೋರುವ ಜಾಗಕ್ಕೆ ಟೇಪ್ ಅಂಟಿಸಿ ದಿನ ದೂಡಬೇಡಿ. ಅಡಿಯಲ್ಲಿ ಸಿಕ್ಕಿಕೊಂಡ ಮಲ ಚರ್ಮ ಸುಡುತ್ತದೆ, ಇಲಿಯಾಸ್ಟಮಿ (ಸಣ್ಣ ಕರುಳಿನ ಸ್ಟೋಮಾ) ಆದವರಿಗಂತೂ ಜಾಸ್ತಿ. ಬಿಚ್ಚಿ ಹೊಸದು ಹಾಕಿ.

ತೆಗೆದ ಪ್ಲೇಟನ್ನು (ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಬಿಲ್ಲೆ) ಎಸೆಯುವ ಮುಂಚೆ ತಿರುಗಿಸಿ ನೋಡಿ. ಅಂಟು ಯಾವ ಕಡೆ ಕರಗಿದೆಯೋ ಸೋರಿಕೆ ಶುರುವಾಗಿದ್ದು ಅಲ್ಲಿಂದಲೇ. ಪ್ರತಿ ಸಲ ಅದೇ ಜಾಗವಾದರೆ, ಕನ್ನಡಿ ಮುಂದೆ ಕೂತು ಹೊಟ್ಟೆ ನೋಡಿಕೊಳ್ಳಿ. ನಿಂತಾಗ ಕಾಣದ ಮಡಿಕೆಯೋ ಗುಳಿಯೋ ಕೂತಾಗ ಕಾಣುತ್ತದೆ, ಅದಕ್ಕೆ ಸ್ಟೋಮಾ ಪೇಸ್ಟ್ ತುಂಬಬೇಕು.

ಆಪರೇಷನ್ ಆದ ಮೇಲೆ 6ರಿಂದ 8 ವಾರ ಸ್ಟೋಮಾ ಸಣ್ಣದಾಗುತ್ತಾ ಹೋಗುತ್ತದೆ. ಪ್ಲೇಟಿನ ತೂತನ್ನು ಹಳೆ ಅಳತೆಗೇ ಕತ್ತರಿಸಿದರೆ ಸೋರದೆ ಇನ್ನೇನು? ಆಗಾಗ ಅಳೆಯಿರಿ, ತೂತು ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಿರಲಿ.

ಚರ್ಮಕ್ಕೆ ಬರೀ ನೀರು ಸಾಕು. ಉರಿಯುತ್ತೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದರೆ ಪ್ಲೇಟ್ ಹಿಡಿಯುವುದೇ ಇಲ್ಲ. ಚೆನ್ನಾಗಿ ಒಣಗಿಸಿ ಅಂಟಿಸಿ, ಅಂಗೈ ಬಿಸಿ ತಾಗುವಂತೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬೆಳಿಗ್ಗೆ ಕಾಫಿ, ತಿಂಡಿಗೆ ಮುಂಚೆ ಬದಲಾಯಿಸುವುದು ಸುಲಭ.

ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಹೊರಗೆ ಹೊರಟರೆ ಕತ್ತರಿಸಿಟ್ಟ ಪ್ಲೇಟ್, ಬ್ಯಾಗ್, ಒಂದು ಜೊತೆ ಬಟ್ಟೆ ಜೊತೆಗಿರಲಿ. ಚರ್ಮ ಕಿತ್ತುಬಂದು ರಸ ಒಸರುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ಸ್ಟೋಮಾ ನರ್ಸ್‌ಗೆ ತೋರಿಸಿ.