ಬ್ರಿಟಿಷರ ಕಾಲದ ಸರ್ಕಾರಿ ಕಾಗದ ಓದುವುದು ಹೇಗೆ? ಮೈಸೂರಿನ ಪತ್ರಗಳ ಜಾಡು ಹಿಡಿದು

ಹತ್ತೊಂಬತ್ತನೇ ಶತಮಾನದ ಸರ್ಕಾರಿ ಕಾಗದಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ತನ್ನ ಕಡತಗಳನ್ನು ಅಭಿಲೇಖ ಪಟಲ್ ತಾಣದಲ್ಲಿ ಹಾಕುತ್ತಿದೆ. ಹಳೇ ಕಾಯ್ದೆ ಪುಸ್ತಕಗಳು, ಗೆಜೆಟಿಯರ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಇದು ತುಂಬಾ ಒಳ್ಳೆಯದು. ಆದರೆ ಆಗುತ್ತಿರುವುದೇನು ಅಂದರೆ, ಯಾರೋ ಒಂದು ಪುಟದ ಫೋಟೊ ಹಾಕುತ್ತಾರೆ, "ನೋಡಿ, ದಾಖಲೆ ಇಲ್ಲಿದೆ" ಅನ್ನುತ್ತಾರೆ, ಅದೇ ಇತಿಹಾಸ ಅಂತ ಎಲ್ಲ ಕಡೆ ಓಡಾಡುತ್ತದೆ.

ಸರ್ಕಾರಿ ಪತ್ರ ಒಂಟಿಯಾಗಿ ಹುಟ್ಟುವುದಿಲ್ಲ. ಅದು ಯಾವುದೋ ಹಿಂದಿನ ಪತ್ರಕ್ಕೆ ಉತ್ತರ. ಅದಕ್ಕೆ ಇನ್ನೊಂದು ಉತ್ತರ ಮುಂದೆಲ್ಲೋ ಇರುತ್ತದೆ. ಅದರೊಳಗೆ ಒಂದು ಕಾಯ್ದೆ ಅಥವಾ ಒಪ್ಪಂದದ ಹೆಸರು ಇರುತ್ತದೆ. ಈ ಮೂರನ್ನೂ ಹುಡುಕದೆ ಪತ್ರ ಓದಿದರೆ ಓದಿದಂತಲ್ಲ. ಹೇಗೆ ಹುಡುಕಬೇಕು ಅನ್ನುವುದನ್ನು ಮೈಸೂರನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು, 1881ರಲ್ಲಿ ಮನೆತನಕ್ಕೆ ವಾಪಸ್ ಬಂತು. ನಡುವಿನ ಐವತ್ತು ವರ್ಷದ ಜಗಳ ಪೂರ್ತಿ ಕಾಗದದ ಮೇಲೆ ನಡೆದದ್ದು.

ಮೊದಲು: ಆ ಊರು ಆಗ ಯಾರ ಕೈಯಲ್ಲಿತ್ತು?

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಇವತ್ತಿನ ಕರ್ನಾಟಕ ಆಗ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ ಬಾಂಬೆ ಪ್ರೆಸಿಡೆನ್ಸಿಯಲ್ಲಿ. ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಬೀದರ್, ಕಲಬುರಗಿ ನಿಜಾಮರ ಹೈದರಾಬಾದಿನಲ್ಲಿ. ಕೊಡಗನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನೇರವಾಗಿ ನುಂಗಿತು. ಇವುಗಳ ಜೊತೆಗೆ ಮುಧೋಳ, ಜಮಖಂಡಿ, ಸೊಂಡೂರಿನಂಥ ಚಿಕ್ಕ ಸಂಸ್ಥಾನಗಳು ಬೇರೆ.

ಸರ್ಕಾರ ಬೇರೆ ಅಂದರೆ ಕಾಯ್ದೆ ಬೇರೆ, ಕಡತ ಇರುವ ಊರೂ ಬೇರೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆಗೆ ಹೋಯಿತು. ಹಾಗಾಗಿ ಶಿರಸಿಯ 1855ರ ಕಂದಾಯದ ಪತ್ರ ಬೇಕಿದ್ದರೆ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿ ಕೇಳಬೇಕು, 1870ರದ್ದು ಬೇಕಿದ್ದರೆ ಮುಂಬೈಯಲ್ಲಿ. ವಿಜಯಪುರ ಜಿಲ್ಲೆಯ ಮುಖ್ಯ ಪಟ್ಟಣ 1885ರವರೆಗೆ ಕಲಾದಗಿ. ಅದಕ್ಕೂ ಹಿಂದಿನದನ್ನು ಬಿಜಾಪುರ ಅಂತ ಹುಡುಕಿದರೆ ಬಹಳಷ್ಟು ತಪ್ಪಿಹೋಗುತ್ತದೆ. ಮೈಸೂರಿನ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಆದರೆ ಮೈಸೂರಿನ ಬಗ್ಗೆ ಗವರ್ನರ್ ಜನರಲ್ ಮಟ್ಟದಲ್ಲಿ ನಡೆದ ಮಾತುಕತೆ ದೆಹಲಿಯಲ್ಲಿದೆ, ಅದೂ ಫಾರಿನ್ ಡಿಪಾರ್ಟ್‌ಮೆಂಟ್ ಕಡತಗಳಲ್ಲಿ. ಸಂಸ್ಥಾನಗಳೆಲ್ಲ ಅವರ ಲೆಕ್ಕದಲ್ಲಿ ಹೊರಗಿನ ವ್ಯವಹಾರ.

ಊರಿನ ಹೆಸರನ್ನು ಅವರು ಬರೆಯುತ್ತಿದ್ದ ಹಾಗೇ ಹುಡುಕಿ. ಚಿತ್ರದುರ್ಗ ಅವರಿಗೆ ಚಿಟಲ್‌ಡ್ರೂಗ್, ಮಡಿಕೇರಿ ಮರ್ಕೆರಾ, ಶಿವಮೊಗ್ಗ ಕಡೆಯ ನಗರ ಅನ್ನುವ ಊರು ನಗ್ಗರ್.

ಕಾಯ್ದೆಯ ಹೆಸರು ಬೇಡ, ನಂಬರ್ ಹಿಡಿಯಿರಿ

ಆ ಕಾಲದ ಪತ್ರಗಳಲ್ಲಿ ಕಾಯ್ದೆಯನ್ನು ಹೆಸರಿನಿಂದ ಕರೆಯುವುದು ಕಡಿಮೆ. "1850ರ 21ನೇ ಕಾಯ್ದೆ" ಅಂತ ಇರುತ್ತದೆ, ಅಷ್ಟೇ. ಮತ ಬದಲಾಯಿಸಿದವರ, ಜಾತಿಯಿಂದ ಹೊರಹಾಕಿಸಿಕೊಂಡವರ ಆಸ್ತಿ ಹಕ್ಕು ಹೋಗುವುದಿಲ್ಲ ಅಂದ ಕಾಯ್ದೆ ಅದು. ಈಗ ನಾವು ಕರೆಯುವ "ಕಾಸ್ಟ್ ಡಿಸೆಬಿಲಿಟೀಸ್ ರಿಮೂವಲ್ ಆಕ್ಟ್" ಅನ್ನುವ ಹೆಸರು ಅದಕ್ಕೆ ಅಂಟಿದ್ದು 1897ರಲ್ಲಿ, ಹಳೇ ಕಾಯ್ದೆಗಳಿಗೆಲ್ಲ ಚಿಕ್ಕ ಹೆಸರು ಕೊಡಲೆಂದೇ ಬಂದ ಇನ್ನೊಂದು ಕಾಯ್ದೆಯಿಂದ. ಹಾಗಾಗಿ 1850ರ ದಶಕದ ಪತ್ರಗಳಲ್ಲಿ ಆ ಹೆಸರು ಹುಡುಕಿದರೆ ಸಿಗುವುದೇ ಇಲ್ಲ.

ನಂಬರ್ ರೋಮನ್ ಅಂಕಿಯಲ್ಲಿ ಇರುತ್ತದೆ. ಎಲ್ ಅಂದರೆ 50, ಎಕ್ಸ್ 10, ವಿ 5, ಐ 1. ದೊಡ್ಡದರ ಮುಂದೆ ಚಿಕ್ಕದು ಬಂದರೆ ಕಳೆಯಬೇಕು. 1860ರ ದಂಡ ಸಂಹಿತೆಯ ನಂಬರ್ ಎಕ್ಸ್‌ಎಲ್‌ವಿ, ಅಂದರೆ 45.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಒಂದೇ ವರ್ಷ, ಒಂದೇ ನಂಬರ್, ಆದರೆ ಎರಡು ಕಾಯ್ದೆ ಇರಬಹುದು. 1874ರ 3ನೇ ಕಾಯ್ದೆ ಅಂದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಮದುವೆಯಾದ ಹೆಂಗಸರ ಆಸ್ತಿಯ ಕಾಯ್ದೆ. ಬಾಂಬೆಯ ಪಟ್ಟಿಯಲ್ಲಿ ಅದೇ ನಂಬರ್ ವತನದಾರರದ್ದು, ಅಂದರೆ ಧಾರವಾಡ ಸೀಮೆಯ ಗೌಡಕಿ, ಕುಲಕರ್ಣಿಕೆಯಂಥ ವಂಶಪಾರಂಪರ್ಯದ ಹುದ್ದೆಗಳ ಕಾಯ್ದೆ. ಪತ್ರ ಬರೆದವರು ಯಾರು, ನಂಬರಿನ ಹಿಂದೆ "ಬಾಂಬೆ" ಅಂತ ಇದೆಯಾ ನೋಡಿ.

ವರ್ಷವೂ ಸುಳಿವು ಕೊಡುತ್ತದೆ. 1834ಕ್ಕೆ ಮೊದಲು ಬಾಂಬೆ, ಮದ್ರಾಸ್, ಬಂಗಾಳ ಮೂರೂ ತಮ್ಮದೇ ರೆಗ್ಯುಲೇಷನ್ ಮಾಡಿಕೊಳ್ಳುತ್ತಿದ್ದವು. 1833ರ ಚಾರ್ಟರ್ ಕಾಯ್ದೆ ಆ ಅಧಿಕಾರ ಕಿತ್ತುಕೊಂಡು ಗವರ್ನರ್ ಜನರಲ್ ಕೌನ್ಸಿಲ್‌ಗೆ ಕೊಟ್ಟಿತು. 1861ರಲ್ಲಿ ಬಾಂಬೆ, ಮದ್ರಾಸಿಗೆ ಮತ್ತೆ ಸಿಕ್ಕಿತು. ಹಾಗಾಗಿ "1850ರ ಬಾಂಬೆ ಕಾಯ್ದೆ" ಅಂತ ಯಾರಾದರೂ ಬರೆದಿದ್ದರೆ ಅನುಮಾನದಿಂದಲೇ ನೋಡಿ.

ಇನ್ನು ಮೈಸೂರು. ಅಲ್ಲಿ ಬ್ರಿಟಿಷ್ ಕಮಿಷನರ್ ಆಳುತ್ತಿದ್ದರೂ ಕಾಗದದ ಮೇಲೆ ಅದು ಮಹಾರಾಜರ ರಾಜ್ಯವೇ. ಭಾರತ ಸರ್ಕಾರದ ಕಾಯ್ದೆ ತಾನಾಗಿ ಅಲ್ಲಿ ಜಾರಿಗೆ ಬರುತ್ತಿರಲಿಲ್ಲ. ಬೇರೆ ಆದೇಶ ಹೊರಡಿಸಿ ವಿಸ್ತರಿಸಬೇಕಿತ್ತು. ಆ ಆದೇಶ ಕೈಗೆ ಸಿಗುವವರೆಗೆ "ಮೈಸೂರಿನಲ್ಲಿ ಆ ಕಾಯ್ದೆ ಇತ್ತು" ಅಂತ ಬರೆಯಬೇಡಿ. 1881ರ ನಂತರ ಇದು ಇನ್ನೂ ಜಾಸ್ತಿ ತೊಡಕು. ಬೆಂಗಳೂರಿನ ಪೇಟೆ ಮಹಾರಾಜರದ್ದು, ದಂಡು ಪ್ರದೇಶ ಬ್ರಿಟಿಷರದ್ದು.

ಪೀಠಿಕೆ ಓದಿ, ಆದರೆ ಅಲ್ಲೇ ನಿಲ್ಲಬೇಡಿ

1852ರ 11ನೇ ಕಾಯ್ದೆ ತೆಗೆದುಕೊಳ್ಳಿ. ಬಾಂಬೆ ಪ್ರೆಸಿಡೆನ್ಸಿಯಲ್ಲಿ ಕಂದಾಯ ಮಾಫಿ ಇದೆ ಅನ್ನುವ ಭೂಮಿಗಳ ಹಕ್ಕನ್ನು ತೀರ್ಮಾನಿಸುವ ಕಾಯ್ದೆ ಅಂತ ತಲೆಬರಹ. ಕೇಳಲು ಎಷ್ಟು ಸಾಧು, ಅಲ್ವಾ? ಕೊನೆಗೆ ಸೇರಿಸಿದ ಷೆಡ್ಯೂಲ್‌ಗಳಲ್ಲಿ, ಅಂದರೆ ಅನುಬಂಧಗಳಲ್ಲಿ, ಅದರ ಹಲ್ಲು ಕಾಣುತ್ತದೆ. ಇನಾಂದಾರರು, ಅಂದರೆ ಇಂಥ ಮಾಫಿ ಭೂಮಿ ಇದ್ದವರು, ಸನ್ನದು (ಭೂಮಿ ಕೊಟ್ಟ ಕಾಗದ) ತಂದು ಹಕ್ಕು ಸಾಬೀತು ಮಾಡಬೇಕು. ಇದನ್ನು ವಿಚಾರಿಸುವ ಇನಾಂ ಕಮಿಷನ್ ಕೊಟ್ಟ ತೀರ್ಪನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ. ತಲೆಮಾರುಗಳಿಂದ ಉಂಡುಬಂದ ಭೂಮಿಗೆ ಮರಾಠರ ಕಾಲದ ಕಾಗದ ಎಲ್ಲಿಂದ ತರಬೇಕು? ಧಾರವಾಡ, ಬೆಳಗಾವಿ ಸೀಮೆಯಲ್ಲಿ 1857ರ ಹೊತ್ತಿಗೆ ಇದ್ದ ಸಿಟ್ಟಿನ ಒಂದು ಬೇರು ಈ ಷೆಡ್ಯೂಲ್‌ಗಳಲ್ಲಿದೆ. ಆದ್ದರಿಂದ ಹಿಂದಿನಿಂದ ಮುಂದಕ್ಕೆ ಓದಿ: ಮೊದಲು ಷೆಡ್ಯೂಲ್, ಆಮೇಲೆ ಕಲಮುಗಳು, ಕೊನೆಗೆ ಪೀಠಿಕೆ.

ಪತ್ರದ ತಲೆ ನೋಡಿ: ಯಾರಿಂದ ಯಾರಿಗೆ

ಎಲ್ಲ ಕಾಗದವೂ ಒಂದೇ ತೂಕದ್ದಲ್ಲ. "ಮಿನಿಟ್" ಅಂದರೆ ಗವರ್ನರ್ ಅಥವಾ ಕೌನ್ಸಿಲ್ ಸದಸ್ಯರು ತಮ್ಮ ಅಭಿಪ್ರಾಯ ಬರೆದಿಟ್ಟ ಟಿಪ್ಪಣಿ. ಅದು ಸರ್ಕಾರದ ತೀರ್ಮಾನ ಅಲ್ಲ. "ಡಿಸ್ಪ್ಯಾಚ್" ಅಂದರೆ ಲಂಡನ್ ಮತ್ತು ಇಲ್ಲಿನ ಸರ್ಕಾರದ ನಡುವಿನ ಅಧಿಕೃತ ಪತ್ರ. ಬಾಂಬೆಯ ಆದೇಶಕ್ಕೆ ರೆಸಲ್ಯೂಷನ್ ಅನ್ನುತ್ತಾರೆ. ಇವೆಲ್ಲ ದಾಖಲಾಗುವ ಕಟ್ಟು ನಡವಳಿ. ವೈಸರಾಯ್ ಮತ್ತು ರಾಜರ ನಡುವೆ ಓಡಾಡುತ್ತಿದ್ದದ್ದು ಖರೀತಾ, ಅದರ ಧಾಟಿಯೇ ಬೇರೆ.

ಲಂಡನ್‌ನಲ್ಲಿ 1858ರವರೆಗೆ ಕಂಪನಿಯ ಕೋರ್ಟ್ ಆಫ್ ಡೈರೆಕ್ಟರ್ಸ್, ಆಮೇಲೆ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಭಾರತದ ವ್ಯವಹಾರ ನೋಡಿಕೊಳ್ಳುವ ಬ್ರಿಟಿಷ್ ಮಂತ್ರಿ. ಪತ್ರದ ಪ್ಯಾರಾಗಳಿಗೆ ನಂಬರ್ ಇರುತ್ತದೆ. ಉತ್ತರದಲ್ಲಿ "ನಿಮ್ಮ ಪತ್ರದ 14ನೇ ಪ್ಯಾರಾ" ಅಂತ ಬಂದರೆ ಖುಷಿಪಡಿ, ಹಿಂದಿನ ಪತ್ರದಲ್ಲಿ ಎಲ್ಲಿ ನೋಡಬೇಕು ಅಂತ ಅವರೇ ಹೇಳಿಕೊಟ್ಟ ಹಾಗಾಯಿತು. ಅಂಚಿನಲ್ಲಿ ಬರೆದ ಚಿಕ್ಕ ಟಿಪ್ಪಣಿ, ಕೊನೆಯ ಲಗತ್ತುಗಳ ಪಟ್ಟಿ ಎರಡನ್ನೂ ಬಿಡಬೇಡಿ. ಜನರ ಅರ್ಜಿಗಳು ಹೆಚ್ಚಾಗಿ ಲಗತ್ತಿನಲ್ಲೇ ಇರುತ್ತವೆ.

ಈಗ ಜಾಡು ಹಿಡಿಯಿರಿ

ಇದೇ ನಿಜವಾದ ಕೆಲಸ. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿಯವರಿಗೆ ಪತ್ರ ಬರೆದು ಆಡಳಿತ ವಹಿಸಿಕೊಳ್ಳುವುದಾಗಿ ತಿಳಿಸಿದರು. ನಗರ ಸೀಮೆಯ ರೈತರ ದಂಗೆ, ಆಡಳಿತದ ಅವ್ಯವಸ್ಥೆ, ಕಪ್ಪಕ್ಕೆ ಅಪಾಯ ಇವು ಕಾರಣಗಳು. ಆಧಾರವಾಗಿ ಕಂಪನಿ ಮತ್ತು ಮೈಸೂರಿನ ನಡುವಿನ 1799ರ ಒಪ್ಪಂದವನ್ನು ಹೆಸರಿಸಿದರು. ಈ ಒಂದೇ ಪತ್ರ ಓದಿದವರಿಗೆ ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ.

ಒಂದು ಹೆಜ್ಜೆ ಹಿಂದೆ ಹೋಗಿ, ಒಪ್ಪಂದವನ್ನೇ ತೆಗೆಯಿರಿ. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕಪ್ಪ. 4ನೇ ಕಲಮಿನ ಪ್ರಕಾರ, ಆ ಹಣಕ್ಕೆ ತೊಂದರೆ ಬರುವ ಹಾಗಿದ್ದರೆ ಕಂಪನಿ ರಾಜ್ಯದ ಭಾಗವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಕಪ್ಪ ನಿಂತುಹೋಗಿತ್ತಾ?

ಈಗ ಮುಂದಕ್ಕೆ ಹೋಗಿ. ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿ 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಮುಂದೆ ಕಮಿಷನರ್ ಆಗಿ ಬಹುಕಾಲ ಆಳಿದ ಮಾರ್ಕ್ ಕಬ್ಬನ್ ಆ ಸಮಿತಿಯಲ್ಲಿದ್ದರು. ಮರುವರ್ಷ, 1834ರ ಏಪ್ರಿಲ್‌ನಲ್ಲಿ, ಅದೇ ಬೆಂಟಿಂಕ್ ಲಂಡನ್‌ಗೆ ಬರೆದ ಪತ್ರದ ಧಾಟಿಯೇ ಬದಲಾಗಿದೆ. ಕಪ್ಪ ಸಲ್ಲುತ್ತಿತ್ತು, ಇಡೀ ರಾಜ್ಯ ತೆಗೆದುಕೊಂಡದ್ದಕ್ಕೆ ಒಪ್ಪಂದದ ಆಧಾರ ಗಟ್ಟಿಯಿಲ್ಲ ಅನ್ನುವ ಅರ್ಥದ ಮಾತು ಅಲ್ಲಿದೆ. ರಾಜ್ಯದ ಒಂದು ಭಾಗವನ್ನು ಮಹಾರಾಜರಿಗೆ ವಾಪಸ್ ಕೊಡೋಣ ಅಂತಲೂ ಸೂಚಿಸಿದರು. ಲಂಡನ್ ಒಪ್ಪಲಿಲ್ಲ. 1831ರ ಪತ್ರವನ್ನು ಮಾತ್ರ ಹಿಡಿದು ವಾದ ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ, ಏಕೆಂದರೆ ಅದನ್ನು ಬರೆದ ಮನುಷ್ಯನೇ ಮೂರು ವರ್ಷದೊಳಗೆ ಅದರ ಮೇಲಿನ ನಂಬಿಕೆ ಕಳೆದುಕೊಂಡಿದ್ದರು.

ಇನ್ನೂ ಮುಂದೆ ಹೋಗಿ. 1861ರ ಫೆಬ್ರವರಿ 23ರಂದು ಮುಮ್ಮಡಿಯವರು ರಾಜ್ಯ ವಾಪಸ್ ಕೇಳಿ ವೈಸರಾಯ್ ಕ್ಯಾನಿಂಗ್‌ಗೆ ಖರೀತಾ ಕಳಿಸಿದರು. ಉತ್ತರದ ತಾರೀಖು 1862ರ ಮಾರ್ಚ್ 11. ವರ್ಷಕ್ಕೂ ಮೇಲೆ ಕಾಯಿಸಿ, ಕ್ಯಾನಿಂಗ್ ಹುದ್ದೆ ಬಿಡುವ ಹೊತ್ತಿನಲ್ಲಿ ಬಂದ ಉತ್ತರ, ಅದೂ ಇಲ್ಲ ಅಂತ. 1863ರ ಜುಲೈ 17ರಂದು ಸೆಕ್ರೆಟರಿ ಆಫ್ ಸ್ಟೇಟ್ ಚಾರ್ಲ್ಸ್ ವುಡ್ ಕೂಡ ಇಲ್ಲ ಅಂದರು. ಇದಕ್ಕೆಲ್ಲ ಮೊದಲೇ, 1860ರಲ್ಲಿ ಕ್ಯಾನಿಂಗ್ ಲಂಡನ್‌ಗೆ ಬರೆದ ಪತ್ರವೊಂದರಲ್ಲಿ, ಮಹಾರಾಜರೇ ತಮ್ಮ ನಂತರ ರಾಜ್ಯ ಬ್ರಿಟಿಷರಿಗೆ ಸೇರಲಿ ಎಂದು ಬಯಸಿದ್ದಾರೆ ಅನ್ನುವ ಮಾತಿದೆ. ಮಹಾರಾಜರು ಇದನ್ನು ಅಲ್ಲಗಳೆದರು. ಒಬ್ಬರ ಬಗ್ಗೆ ಇನ್ನಿಬ್ಬರು ಬರೆದುಕೊಂಡ ಪತ್ರದಲ್ಲಿ ಆ ಒಬ್ಬರ "ಇಷ್ಟ" ದಾಖಲಾಗಿದ್ದರೆ, ಅವರ ಸ್ವಂತ ಪತ್ರದಲ್ಲಿ ಅದು ಇದೆಯಾ ಅಂತ ಹುಡುಕಲೇಬೇಕು.

1865ರ ಜೂನ್ 18ರಂದು, ಎಪ್ಪತ್ತರ ವಯಸ್ಸಿನಲ್ಲಿ, ಮುಮ್ಮಡಿಯವರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತಾದಲ್ಲಿದ್ದ ಭಾರತ ಸರ್ಕಾರ ಒಪ್ಪಲಿಲ್ಲ. ಆದರೆ ಲಂಡನ್‌ನಲ್ಲಿ ಮಂತ್ರಿಗಳು ಬದಲಾದರು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. 1867ರ ಏಪ್ರಿಲ್ 16ರ ಡಿಸ್ಪ್ಯಾಚ್‌ನಲ್ಲಿ ಹೊಸ ಸೆಕ್ರೆಟರಿ ಆಫ್ ಸ್ಟೇಟ್ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಹಳೇ ತೀರ್ಮಾನ ತಿರುಗಿಸಿ, ರಾಜ್ಯ ದತ್ತುಪುತ್ರನಿಗೇ ಸೇರಬೇಕು ಅಂದರು. ಮಹಾರಾಜರು 1868ರ ಮಾರ್ಚ್ 27ರಂದು ತೀರಿಕೊಂಡರು. ರಾಜ್ಯ ವಾಪಸ್ ಬಂದದ್ದನ್ನು ಅವರು ನೋಡಲಿಲ್ಲ. 1881ರ ಮಾರ್ಚ್‌ನಲ್ಲಿ ಆಡಳಿತ ಹಸ್ತಾಂತರವಾಯಿತು. ಆ ದಸ್ತಾವೇಜನ್ನೂ ಓದಿ: ಕಪ್ಪ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು.

ತಾರೀಖುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಬರೆದ ದಿನ, ತಲುಪಿದ ದಿನ, ಉತ್ತರದ ದಿನ ಮೂರೂ ಬೇರೆ. 1830ರ ದಶಕದ ಆರಂಭದಲ್ಲಿ ಹಡಗಿನಲ್ಲಿ ಪತ್ರ ಲಂಡನ್ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು, ಉತ್ತರ ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು. ಕಂದಾಯದ ಕಾಗದದಲ್ಲಿ ಫಸಲಿ ವರ್ಷ (ಕಂದಾಯ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ) ಇದ್ದರೆ, ಮದ್ರಾಸಿನ ಕಡೆಯದಕ್ಕೆ 590 ಕೂಡಿಸಿ. ಫಸಲಿ 1270 ಅಂದರೆ 1860–61.

ಮಾತಿನ ಧಾಟಿಗೆ ಮೋಸಹೋಗಬೇಡಿ

ಕೊನೆಯಲ್ಲಿ "ನಿಮ್ಮ ಅತ್ಯಂತ ವಿಧೇಯ ಸೇವಕ" ಅಂತ ಇರುತ್ತದೆ. ಸುಮ್ನೆ ಪದ್ಧತಿ, ವಿನಯ ಅಲ್ಲ. ಖರೀತಾದಲ್ಲಿ ರಾಜರನ್ನು ಮಿತ್ರರೇ ಅನ್ನುವುದೂ ಹಾಗೇ. "ಸೂಕ್ತವೆಂದು ಕಂಡುಬಂದಿದೆ" ಅಂತ ಬಂದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಯಾರಿಗೆ ಕಂಡುಬಂತು ಅಂತ ಬರೆದುಕೊಳ್ಳಿ.

ಅಚ್ಚಾದ ಪತ್ರ ಅಂತ ಪೂರ್ತಿ ನಂಬಬೇಡಿ. ಮೈಸೂರಿನ ಪತ್ರಗಳು 1866ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗಾಗಿ ಅಚ್ಚಾದವು. ಇಂಥ ಸಂಕಲನಗಳಲ್ಲಿ ಎಷ್ಟೋ ಸಲ ಪತ್ರದ ಆಯ್ದ ಭಾಗ ಮಾತ್ರ ಇರುತ್ತದೆ. ನಡುವೆ ಚುಕ್ಕಿ, ನಕ್ಷತ್ರ ಗುರುತು ಕಂಡರೆ ಅಲ್ಲಿ ಏನೋ ಬಿಟ್ಟಿದ್ದಾರೆ ಅಂತ ಅರ್ಥ. ಮೂಲ ಹುಡುಕಿ.

ಎದುರು ಪಕ್ಷದ ದನಿ

ಸರ್ಕಾರದ ಕಡತದಲ್ಲಿ ಸರ್ಕಾರವೇ ಜಾಸ್ತಿ ಮಾತಾಡುತ್ತದೆ. 1857ರಲ್ಲಿ ಆಯುಧಗಳ ಮೇಲೆ ಹಿಡಿತ ಹಾಕುವ 28ನೇ ಕಾಯ್ದೆ ಬಂತು. ಅದೇ ನವೆಂಬರ್‌ನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ಸೈನ್ಯವನ್ನು ಎದುರಿಸಿದರು. ಅಧಿಕಾರಿಗಳ ಪತ್ರದಲ್ಲಿ ಅದು ದಂಗೆ. ಊರವರ ದನಿ ಲಾವಣಿಯಲ್ಲಿ ಉಳಿಯಿತು, ಅದನ್ನು ಬರೆಸಿಕೊಂಡು ಅಚ್ಚುಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕನ್ನಡ ಅರ್ಜಿಗಳು, ಮೋಡಿ ಲಿಪಿಯ (ಮರಾಠಿ ಬರೆಯಲು ಬಳಸುತ್ತಿದ್ದ ಹಳೇ ಕೂಡುಬರಹ) ಲೆಕ್ಕಗಳು ಪತ್ರಾಗಾರಗಳಲ್ಲಿ ಇವೆ, ಮೋಡಿ ಓದಬಲ್ಲವರು ಈಗ ತೀರಾ ಕಡಿಮೆ. ಯುವಕರು ಯಾರಾದರೂ ಕಲಿಯುವ ಮನಸ್ಸಿದ್ದರೆ ದಯವಿಟ್ಟು ಕಲಿಯಿರಿ.

ಬರೆದಿಟ್ಟುಕೊಳ್ಳಿ

ಪ್ರತಿ ಪತ್ರಕ್ಕೂ ಇಷ್ಟು ಬೇಕು: ಪತ್ರಾಗಾರ, ಇಲಾಖೆ, ನಡವಳಿಯ ತಾರೀಖು, ಪತ್ರದ ನಂಬರ್, ಯಾರಿಂದ ಯಾರಿಗೆ, ಪ್ಯಾರಾ ನಂಬರ್. ಫೋಟೊ ತೆಗೆಯಲು ಅನುಮತಿ ಇದ್ದರೆ ಮೊದಲು ಕಡತದ ಹೊರಹೊದಿಕೆ ತೆಗೆದು, ಆಮೇಲೆ ಒಳಗಿನ ಪುಟ ತೆಗೆಯಿರಿ. ಪುಟವನ್ನು ಯಾರಿಗಾದರೂ ಕಳಿಸುವಾಗ ಈ ವಿವರವನ್ನೂ ಜೊತೆಗೆ ಕಳಿಸಿ. ಅವರೂ ಹೋಗಿ ಅದೇ ಕಡತ ಕೇಳಿ, ಮುಂದಿನ ಪುಟ ತಿರುವಿ ನೋಡಲಿ.