ಸಾಲದ ವರದಿಯಲ್ಲಿದ್ದ 026 ಎಂಬ ಅಂಕಿಯನ್ನು ನಾನು ತಿದ್ದಿಸಿದ ಬಗೆ

ಕ್ರೆಡಿಟ್ ವರದಿಯನ್ನು ತೆರೆದವರೆಲ್ಲ ಮೊದಲು ನೋಡುವುದು 300ರಿಂದ 900ರ ನಡುವಿನ ಸ್ಕೋರನ್ನು. ಆದರೆ ಬ್ಯಾಂಕಿನವರು ಅಷ್ಟಕ್ಕೇ ನಿಲ್ಲದೆ, ಪ್ರತಿ ಸಾಲದ ಕೆಳಗೆ ಹಿಂದಿನ 36 ತಿಂಗಳವರೆಗೆ ಕೊಟ್ಟಿರುವ ಚಿಕ್ಕ ಚೌಕಗಳನ್ನೂ ನೋಡುತ್ತಾರೆ. ಕಂತು ಗಡುವು ಮೀರಿ ಎಷ್ಟು ದಿನವಾಗಿತ್ತು ಎಂಬುದನ್ನು ಆ ಚೌಕಗಳು ಹೇಳುತ್ತವೆ. ಇದಕ್ಕೆ ಡಿಪಿಡಿ ಎನ್ನುತ್ತಾರೆ. ಬಾಕಿ ಇಲ್ಲದಿದ್ದರೆ 000 ಇರುತ್ತದೆ, ಸಾಲ ಕೊಟ್ಟ ಸಂಸ್ಥೆ ಆ ತಿಂಗಳ ಮಾಹಿತಿಯನ್ನೇ ಕಳುಹಿಸದಿದ್ದರೆ ಎಕ್ಸ್‌ಎಕ್ಸ್‌ಎಕ್ಸ್ ಎಂದಿರುತ್ತದೆ. ನನ್ನ ಕಾರಿನ ಸಾಲದ ಸಾಲುಸಾಲು ಸೊನ್ನೆಗಳ ನಡುವೆ 2024ರ ಮಾರ್ಚ್ ತಿಂಗಳ ಚೌಕದಲ್ಲಿ ಮಾತ್ರ 026 ಎಂದಿತ್ತು. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಶಾಖೆಯ ಅಧಿಕಾರಿ ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿ, “ಸರ್, ಇದೊಂದಕ್ಕೆ ವಿವರಣೆ ಬೇಕಾಗುತ್ತದೆ” ಎಂದರು.

26 ಎಲ್ಲಿಂದ ಬಂತು ಎಂಬುದು ಸರಳ ಲೆಕ್ಕ. ನನ್ನ ಕಂತಿನ ದಿನಾಂಕ ತಿಂಗಳ 5. ಆಗ ಸಂಸ್ಥೆಗಳು ಸಾಮಾನ್ಯವಾಗಿ ತಿಂಗಳ ಕೊನೆಯ ದಿನದ ಸ್ಥಿತಿಯನ್ನು ಈ ವರದಿ ಸಿದ್ಧಪಡಿಸುವ ಸಾಲ ಮಾಹಿತಿ ಕಂಪನಿಗಳಿಗೆ, ಅಂದರೆ ಬ್ಯೂರೋಗಳಿಗೆ, ಕಳುಹಿಸುತ್ತಿದ್ದವು (2025ರ ಜನವರಿಯಿಂದ ಇದು ಹದಿನೈದು ದಿನಕ್ಕೊಮ್ಮೆ ಆಯಿತು). ಮಾರ್ಚ್ 5ರಿಂದ ಮಾರ್ಚ್ 31ಕ್ಕೆ 26 ದಿನ. ಅಂದರೆ ಮಾರ್ಚ್ ಕಂತು ಏಪ್ರಿಲ್‌ನಲ್ಲಿ ಜಮೆಯಾಗಿದೆ ಎಂದು ಫೈನಾನ್ಸ್ ಕಂಪನಿಯ ಪುಸ್ತಕ ಹೇಳುತ್ತಿತ್ತು. ಅದು ಸುಳ್ಳೂ ಅಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಕಂಪನಿಯಿಂದ ಕರೆ ಬಂದ ದಿನವೇ ನಾನು ಯುಪಿಐ ಮೂಲಕ ಆ ಕಂತನ್ನು ಕಟ್ಟಿದ್ದೆ. ಆದರೆ ಮಾರ್ಚ್ 5ರಂದು ನನ್ನ ಉಳಿತಾಯ ಖಾತೆಯಲ್ಲಿ ಕಂತಿನ ಹಲವು ಪಟ್ಟು ಹಣವಿತ್ತು, ನ್ಯಾಚ್ ಮ್ಯಾಂಡೇಟ್ (ಖಾತೆಯಿಂದ ಕಂತನ್ನು ತಾನಾಗಿ ಕಡಿತ ಮಾಡಿಕೊಳ್ಳಲು ನಾನು ಕೊಟ್ಟಿದ್ದ ಒಪ್ಪಿಗೆ) ಚಾಲ್ತಿಯಲ್ಲಿತ್ತು, ಹಣ ಕಡಿತಕ್ಕೆ ಮಾತ್ರ ಯಾರೂ ಬಂದಿರಲಿಲ್ಲ.

ಮೊದಲು ನಾನು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ವರದಿ ಕೊಟ್ಟ ಬ್ಯೂರೋದ ಜಾಲತಾಣದಲ್ಲಿ ಶುಲ್ಕವಿಲ್ಲದೆ ತಕರಾರು ಸಲ್ಲಿಸಬಹುದು. ವರದಿಯ ಮೇಲಿರುವ ನಿಯಂತ್ರಣ ಸಂಖ್ಯೆಯನ್ನು ಕೊಟ್ಟು, ಯಾವ ಖಾತೆಯ ಯಾವ ಅಂಶ ತಪ್ಪು ಎಂದು ಗುರುತಿಸಬೇಕು. ಕೆಲವು ವಾರಗಳಲ್ಲಿ ಉತ್ತರ ಬಂತು: ಸಾಲ ನೀಡಿದ ಸಂಸ್ಥೆ ಮಾಹಿತಿ ಸರಿಯಿದೆ ಎಂದು ದೃಢಪಡಿಸಿದೆ, ಆದ್ದರಿಂದ ಬದಲಾವಣೆ ಇಲ್ಲ.

ಈ ಉತ್ತರವನ್ನು ಓದಿ ಕೋಪಿಸಿಕೊಳ್ಳುವ ಮೊದಲು ಅದು ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಬ್ಯೂರೋ ತಾನಾಗಿಯೇ ಒಂದು ಅಂಕಿಯನ್ನೂ ತಿದ್ದುವುದಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಸಾಲ ಕೊಟ್ಟ ಸಂಸ್ಥೆ ಪ್ರಮಾಣೀಕರಿಸಿದ ಮೇಲೆಯೇ ತಿದ್ದುಪಡಿ ಆಗಬೇಕು. ಹಾಗಾಗಿ ತಕರಾರು ಸಂಸ್ಥೆಗೆ ಹೋಗುತ್ತದೆ, ಅಲ್ಲಿ ಕುಳಿತ ನೌಕರರು ವರದಿಯ ಅಂಕಿಯನ್ನು ತಮ್ಮ ಸಾಲದ ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ, ಎರಡೂ ಒಂದೇ ಆಗಿದ್ದರೆ ‘ಸರಿಯಿದೆ’ ಎಂದು ಬರೆದು ಮುಗಿಸುತ್ತಾರೆ. ಬೇರೆಯವರ ಸಾಲ ನಮ್ಮ ಹೆಸರಿಗೆ ಬಂದಿದ್ದರೆ, ಮುಗಿದ ಸಾಲ ಇನ್ನೂ ಬಾಕಿ ಎಂದಿದ್ದರೆ ಈ ತಾಳೆಯಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ನನ್ನ ವಿಷಯದಲ್ಲಿ ವರದಿಯೂ ಪುಸ್ತಕವೂ ಒಂದನ್ನೇ ಹೇಳುತ್ತಿದ್ದವು, ವಿಳಂಬವನ್ನು ನನ್ನ ಮೇಲೆ ಹಾಕಿದ್ದ ತಪ್ಪು ಪುಸ್ತಕದಲ್ಲೇ ಇತ್ತು. ಆದ್ದರಿಂದ ಮೊದಲು ಪುಸ್ತಕ ತಿದ್ದಿಸಬೇಕಿತ್ತು, ವರದಿ ಅದರ ಹಿಂದೆ ಬರಬೇಕಿತ್ತು.

ಪುಸ್ತಕ ತಿದ್ದಿಸಲು ಬೇಕಾದ ಸಾಕ್ಷ್ಯ ಪುಸ್ತಕದಲ್ಲೇ ಇತ್ತು. ಕಂಪನಿಯಿಂದ ಸಾಲದ ಖಾತೆಯ ಪೂರ್ಣ ಸ್ಟೇಟ್‌ಮೆಂಟ್ ತರಿಸಿಕೊಂಡೆ. ಫೆಬ್ರವರಿಯಲ್ಲಿ ಎರಡು ಸಾಲುಗಳಿದ್ದವು: ಕಂತು ಬಾಕಿಯಾದದ್ದು, ನ್ಯಾಚ್ ಮೂಲಕ ಜಮೆಯಾದದ್ದು. ಕಂತು ಬೌನ್ಸ್ ಆಗಿದ್ದರೆ ಇನ್ನಷ್ಟು ಸಾಲುಗಳು ಬರುತ್ತವೆ: ಜಮೆ ರದ್ದಾದದ್ದು, ಬೌನ್ಸ್ ಶುಲ್ಕ. ಮಾರ್ಚ್‌ನಲ್ಲಿ ಕಂತು ಬಾಕಿಯಾದ ಒಂದು ಸಾಲು ಬಿಟ್ಟರೆ ಮತ್ತೇನೂ ಇರಲಿಲ್ಲ. ಶುಲ್ಕ ವಿಧಿಸುವ ಅವಕಾಶ ಸಿಕ್ಕರೆ ಯಾವ ಫೈನಾನ್ಸ್ ಕಂಪನಿಯೂ ಅದನ್ನು ಬಿಡುವುದಿಲ್ಲ ಎಂಬುದು ಲೆಕ್ಕಪತ್ರದ ಕೆಲಸದಲ್ಲಿರುವ ನನಗೆ ಚೆನ್ನಾಗಿ ಗೊತ್ತು. ಶುಲ್ಕ ಬೀಳಲಿಲ್ಲವೆಂದರೆ ಬೌನ್ಸ್ ಆಗಲಿಲ್ಲ. ಬೌನ್ಸೂ ಆಗದೆ ಹಣವೂ ಹೋಗದೆ ಇದ್ದರೆ ಕಡಿತದ ಕೋರಿಕೆಯನ್ನೇ ಕಳುಹಿಸಿಲ್ಲ ಎಂದರ್ಥ.

ಇದನ್ನು ಇನ್ನೊಂದು ಕಡೆಯಿಂದಲೂ ಗಟ್ಟಿಮಾಡಿಕೊಂಡೆ. ಪ್ರತಿ ನ್ಯಾಚ್ ಮ್ಯಾಂಡೇಟಿಗೂ ಯುಎಂಆರ್‌ಎನ್ ಎಂಬ ಸಂಖ್ಯೆಯಿರುತ್ತದೆ. ಆ ಸಂಖ್ಯೆಯನ್ನು ಬರೆದು, 2024ರ ಮಾರ್ಚ್ 1ರಿಂದ 31ರವರೆಗೆ ಇದರಡಿ ಯಾವ ಕಡಿತದ ಕೋರಿಕೆಯೂ ಬಂದಿಲ್ಲವೆಂದು ಪತ್ರ ಕೊಡಿ ಎಂದು ನನ್ನ ಉಳಿತಾಯ ಖಾತೆಯಿರುವ ಬ್ಯಾಂಕನ್ನು ಕೇಳಿದೆ. ಕೌಂಟರಿನಲ್ಲಿದ್ದವರು ಸ್ಟೇಟ್‌ಮೆಂಟ್ ಸಾಕಲ್ಲವೇ ಎಂದರು. ಸ್ಟೇಟ್‌ಮೆಂಟ್ ನಡೆದದ್ದನ್ನು ತೋರಿಸುತ್ತದೆ, ನನಗೆ ನಡೆಯದ್ದನ್ನು ಹೇಳುವ ಕಾಗದ ಬೇಕು ಎಂದು ವಿವರಿಸಬೇಕಾಯಿತು. ವ್ಯವಸ್ಥಾಪಕರು ಮುಖ್ಯ ಕಚೇರಿಯಲ್ಲಿ ವಿಚಾರಿಸಿ, ಮೊಹರು ಹಾಕಿದ ಒಂದು ಪತ್ರ ಕೊಟ್ಟರು. ಇಡೀ ಪ್ರಕರಣದಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡಿದ್ದು ಆ ಪತ್ರವೇ.

ಅನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದ್ದೆ, ಏಕೆಂದರೆ ಅಲ್ಲಿ ಆಡಿದ ಮಾತಿಗೆ ದಿನಾಂಕವೂ ಇರುವುದಿಲ್ಲ, ದಾಖಲೆಯೂ ನಮ್ಮ ಕೈಯಲ್ಲಿರುವುದಿಲ್ಲ. ಪತ್ರದ ಮುಖ್ಯ ಭಾಗ ಹೀಗಿತ್ತು: “2024ರ ಮಾರ್ಚ್ ತಿಂಗಳಿಗೆ ತಾವು ವರದಿ ಮಾಡಿರುವ 026 ಎಂಬ ಡಿಪಿಡಿ ತಪ್ಪಾಗಿದ್ದು, ಅದು 000 ಆಗಬೇಕು. ಸದರಿ ಕಂತಿಗಾಗಿ ಮ್ಯಾಂಡೇಟನ್ನು ಪ್ರಸ್ತುತಪಡಿಸಿದ ದಿನಾಂಕವನ್ನೂ, ಅದು ಹಿಂದಿರುಗಿದ್ದರೆ ಹಿಂದಿರುಗಿದ ಕಾರಣದ ಕೋಡನ್ನೂ ತಿಳಿಸಬೇಕು. ಪ್ರಸ್ತುತಪಡಿಸಿಲ್ಲವಾದರೆ, ವಿಳಂಬ ನನ್ನಿಂದ ಆದದ್ದಲ್ಲವೆಂದು ದಾಖಲಿಸಿ, ತಿದ್ದಿದ ಮಾಹಿತಿಯನ್ನು ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಗೆ ಕಳುಹಿಸಬೇಕು.” ಎರಡು ಸ್ಟೇಟ್‌ಮೆಂಟುಗಳನ್ನು, ಬ್ಯಾಂಕಿನ ಪತ್ರವನ್ನು, ವರದಿಯ ಆ ಒಂದು ಪುಟವನ್ನು ಲಗತ್ತಿಸಿದೆ. ನನ್ನ ಮನೆ ಸಾಲ, ನನ್ನ ಮನಸ್ಸಿನ ನೋವು, ಸ್ಕೋರು ಇಳಿದದ್ದು ಇವು ಯಾವುದನ್ನೂ ಬರೆಯಲಿಲ್ಲ. ಸ್ಕೋರ್ ಲೆಕ್ಕ ಹಾಕುವ ವಿಧಾನದ ಬಗೆಗಿನ ದೂರುಗಳು ಮುಂದೆ ಹೇಳುವ ಪರಿಹಾರದ ನಿಯಮದ ವ್ಯಾಪ್ತಿಗೇ ಬರುವುದಿಲ್ಲ. ಆದ್ದರಿಂದ ಸ್ಕೋರನ್ನು ಎಳೆದು ತಂದರೆ ದೂರು ಸಡಿಲವಾಗುತ್ತದೆಯೇ ಹೊರತು ಬಲಗೊಳ್ಳುವುದಿಲ್ಲ.

ಆ ನಿಯಮವನ್ನು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿತು. ಅದು 2024ರ ಏಪ್ರಿಲ್ 26ರಿಂದ ಜಾರಿಗೆ ಬಂತು. ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ದೂರುದಾರರಿಗೆ ಸಲ್ಲಬೇಕು. ಸಂಸ್ಥೆ 21 ದಿನಗಳೊಳಗೆ ತಿದ್ದಿದ ಮಾಹಿತಿ ಕಳುಹಿಸದಿದ್ದರೆ ಹೊಣೆ ಸಂಸ್ಥೆಯದು. ಕಳುಹಿಸಿದ ಮೇಲೂ ಬ್ಯೂರೋ ತಡಮಾಡಿದರೆ ಹೊಣೆ ಬ್ಯೂರೋದ್ದು. ನೂರು ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೆ ದಿನಕ್ಕೆ ದಿನ ಏರುವ ಹೊಣೆಯನ್ನು ಯಾವ ಲೆಕ್ಕ ವಿಭಾಗವೂ ಇಷ್ಟಪಡುವುದಿಲ್ಲ. ಗಡುವು ಮೀರಿದ ಮರುದಿನ ಕಂಪನಿಯ ಪ್ರಧಾನ ನೋಡಲ್ ಅಧಿಕಾರಿಗೆ ಕಳುಹಿಸಿದ ಜ್ಞಾಪನಪತ್ರದಲ್ಲಿ ಈ ನಿಯಮವನ್ನು ಉಲ್ಲೇಖಿಸಿ, ಮುಂದಿನ ಹೆಜ್ಜೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಎಂದಷ್ಟೇ ಬರೆದೆ. ಸಂಸ್ಥೆಗೆ ದೂರು ಕೊಟ್ಟು 30 ದಿನ ಕಾದ ಮೇಲೆ ಅಲ್ಲಿಗೆ ಆನ್‌ಲೈನ್ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. 2022ರ ಸೆಪ್ಟೆಂಬರ್ 1ರಿಂದ ಬ್ಯೂರೋಗಳೂ ಅದರ ವ್ಯಾಪ್ತಿಯಲ್ಲಿವೆ.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಸಾಲದ ಖಾತೆಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ನನ್ನ ಮ್ಯಾಂಡೇಟ್ ಆ ತಿಂಗಳ ಕಡತದಲ್ಲಿ ಸೇರಿರಲಿಲ್ಲವೆಂದು ಕಂಪನಿ ಲಿಖಿತವಾಗಿ ಒಪ್ಪಿಕೊಂಡು, ಡಿಪಿಡಿಯನ್ನು 000 ಎಂದು ತಿದ್ದಿತು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾದ್ದರಿಂದ ಎಲ್ಲವನ್ನೂ ತರಿಸಿ ನೋಡಿದೆ. ಮೂರರಲ್ಲಿ ಸರಿಯಾಗಿತ್ತು, ಒಂದರಲ್ಲಿ ಹಳೆಯ 026 ಹಾಗೆಯೇ ಇತ್ತು. ಅಲ್ಲಿಗೆ ಕಂಪನಿಯ ಒಪ್ಪಿಗೆ ಪತ್ರವನ್ನು ಸೇರಿಸಿ ಹೊಸದಾಗಿ ತಕರಾರು ಹಾಕಿದೆ. ಈ ಬಾರಿ ಪುಸ್ತಕ ಸರಿಯಿದ್ದ ಕಾರಣ ತಾಳೆ ನೋಡಿದವರಿಗೆ ತಪ್ಪು ಕೂಡಲೇ ಕಂಡಿತು.

ಸಿಬಿಲ್ ಸ್ಕೋರ್ ಸರಿಮಾಡಿಕೊಡುತ್ತೇವೆ ಎಂದು ಕಂಬಗಳಿಗೆ ಚೀಟಿ ಅಂಟಿಸುವವರು ಇದಕ್ಕೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅವರು ಸಲ್ಲಿಸುವುದು ನಾನು ಮೊದಲು ಸಲ್ಲಿಸಿದಂಥ ತಕರಾರನ್ನೇ, ಅದೂ ನಮ್ಮ ಪ್ಯಾನ್ ಮತ್ತು ಒಟಿಪಿ ಪಡೆದು. ನಿಜವಾಗಿಯೂ ತಡವಾಗಿ ಕಟ್ಟಿದ ಕಂತಿನ ಗುರುತನ್ನು ಅವರೂ ಅಳಿಸಲಾರರು.

ಗಡುವಿನ ನಂತರದ ದಿನಗಳ ಪರಿಹಾರ ತಾನಾಗಿ ಬರಲಿಲ್ಲ. ಇತ್ಯರ್ಥವಾದ ಐದು ಕೆಲಸದ ದಿನಗಳೊಳಗೆ ಜಮೆಯಾಗಬೇಕೆಂಬ ಷರತ್ತನ್ನು ನೆನಪಿಸಿದ ಮೇಲೆ ಖಾತೆಗೆ ಬಂತು. ಮನೆ ಸಾಲದ ಕಡತಕ್ಕೆ ತಿದ್ದಿದ ವರದಿಯ ಜೊತೆ ಕಂಪನಿಯ ಪತ್ರದ ಪ್ರತಿಯನ್ನೂ ಕೊಟ್ಟೆ, ಬ್ಯಾಂಕಿನವರು ಬೇರೆ ವಿವರಣೆ ಕೇಳಲಿಲ್ಲ.