ಅಯುತ್ಥಾಯದ ನದಿದಂಡೆಯ ದೊಡ್ಡ ಬುದ್ಧ

ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ಥಾಯಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಮರದ ಬೇರಿನೊಳಗೆ ಸಿಕ್ಕಿಕೊಂಡ ಬುದ್ಧನ ತಲೆಯ ಫೋಟೊ ತೆಗೆದು, ನಾಲ್ಕು ಪಾಳು ಗುಡಿ ಸುತ್ತಿ, ಸಂಜೆಗೆ ಬ್ಯಾಂಕಾಕ್ ಸೇರಿಬಿಡುತ್ತಾರೆ. ನದಿದಂಡೆಯಲ್ಲಿ ದೊಡ್ಡ ಬುದ್ಧನಿರುವ ಗುಡಿ ವಾಟ್ ಫನನ್ ಚೋಂಗ್ (ವಾಟ್ ಅಂದರೆ ಬೌದ್ಧ ಗುಡಿ) ಎಷ್ಟೋ ಜನರ ಪಟ್ಟಿಯಲ್ಲೇ ಇರುವುದಿಲ್ಲ. ನನ್ನ ಕೇಳಿದರೆ ಒಂದು ಪಾಳು ಗುಡಿ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ನಾನು ಅಮ್ಮನ ಜೊತೆ ಶನಿವಾರ ನೋಡಿಕೊಂಡೇ ಹೋದೆ. ರಜೆಯ ದಿನ ಥಾಯ್ ಭಕ್ತರು ಜಾಸ್ತಿ, ಗುಡಿಗೆ ಕಳೆ ಬರುವುದೇ ಅವರಿಂದ. ಬ್ಯಾಂಕಾಕಿನಿಂದ ಮೂರನೇ ದರ್ಜೆ ರೈಲು ಹಿಡಿದೆವು. ಟಿಕೆಟ್ಟು 20 ಬಾತ್ ಆಸುಪಾಸು. ಇಳಿದು ಎದುರಿನ ರಸ್ತೆಯಲ್ಲಿ ನೇರ ನಡೆದರೆ ಪಾಸಕ್ ನದಿ, ದೋಣಿಯಲ್ಲಿ ದಾಟಿದರೆ ಹಳೇ ಊರು. ಬೆಳಗ್ಗೆ ವಾಟ್ ಮಹಾಥಾತ್ ನೋಡಿದೆವು. 1767ರಲ್ಲಿ ಬರ್ಮಾದವರು ಊರನ್ನು ಸುಟ್ಟಮೇಲೆ ಉಳಿದ ಇಟ್ಟಿಗೆ ಗೋಡೆಗಳು, ತಲೆಯಿಲ್ಲದ ಬುದ್ಧರ ಸಾಲು. ಅಮ್ಮನಿಗೆ ಬೇಜಾರಾಯಿತು. "ಪೂಜೆ ನಡೆಯೋ ಗುಡಿ ಒಂದೂ ಇಲ್ವಾ?" ಅಂದರು.

ಅಲ್ಲಿಂದ ಪೋಮ್ ಫೆಟ್ ಕೋಟೆ ಹತ್ತಿರ ಬಂದು ಮತ್ತೆ ದೋಣಿ ಹತ್ತಿದೆವು. ಪಾಸಕ್ ಬಂದು ಚಾವೊ ಫ್ರಯಾ ನದಿಗೆ ಸೇರುವ ಜಾಗದಲ್ಲೇ ಫನನ್ ಚೋಂಗ್ ಗುಡಿ. ರೈಲು ನಿಲ್ದಾಣದಿಂದ ಟುಕ್-ಟುಕ್‌ನಲ್ಲೂ ಬರಬಹುದು, ನದಿ ದಾಟುವ ಗೋಜಿಲ್ಲ. ಆದರೆ ನೀರಿನ ಮೇಲಿಂದ ಬರುವ ಸೊಗಸೇ ಬೇರೆ.

ಊರಿನವರು ಈ ಬುದ್ಧನನ್ನು ಲುವಾಂಗ್ ಫೊ ತೊ ಅನ್ನುತ್ತಾರೆ. ಗಾರೆಯ ವಿಗ್ರಹ, ಮೇಲೆ ಚಿನ್ನದ ಲೇಪ. 1324ರಲ್ಲಿ ಆದದ್ದು, ಅಂದರೆ ಅಯುತ್ಥಾಯ ರಾಜಧಾನಿ ಆಗುವುದಕ್ಕೂ ಮೊದಲು. ಶ್ರವಣಬೆಳಗೊಳದ ಬಾಹುಬಲಿ ನಿಂತು 58 ಅಡಿ. ಈ ಬುದ್ಧ ಕೂತೇ 19 ಮೀಟರ್, ಸುಮಾರು 62 ಅಡಿ! ಬಾಹುಬಲಿಗೆ ಬಯಲಿದೆ. ಇಲ್ಲಿ ವಿಗ್ರಹವನ್ನು ಬಿಗಿಯಾಗಿ ಅಪ್ಪಿಕೊಂಡಂತೆ ಕಟ್ಟಡ. ಹಿಂದೆ ಸರಿದು ಪೂರ್ತಿ ನೋಡೋಣವೆಂದರೆ ಜಾಗವೇ ಇಲ್ಲ. ಹೊಸಿಲು ದಾಟಿದ ಕೂಡಲೇ ಕಾಣುವುದು ಮಂಡಿ. ಮುಖ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಚೆಲ್ಲಬೇಕು. ಫೋಟೊದಲ್ಲಿ ಹಿಡಿಸುವ ಆಸೆ ಬಿಟ್ಟು ಸುಮ್ನೆ ನೆಲದ ಮೇಲೆ ಕೂತುಬಿಡಿ. ಕಾಲು ಮಾತ್ರ ಬುದ್ಧನ ಕಡೆ ಚಾಚಬಾರದು, ಹಿಂದಕ್ಕೆ ಮಡಚಿಕೊಳ್ಳಬೇಕು.

ಹಾಗೆ ಕೂತಿದ್ದರಿಂದಲೇ ಬಟ್ಟೆ ಉಡಿಸುವುದು ನೋಡಲು ಸಿಕ್ಕಿತು. ಭಕ್ತರು ದುಡ್ಡು ಕೊಟ್ಟು ಕಾವಿ ಬಟ್ಟೆ ಅರ್ಪಿಸುತ್ತಾರೆ. ಗುಡಿಯ ಆಳುಗಳು ಬುದ್ಧನ ತೊಡೆಯ ಮೇಲೇ ಹತ್ತಿ ನಿಂತಿರುತ್ತಾರೆ. ಕೆಳಗಿನವರು ಬಟ್ಟೆಯ ಗಂಟನ್ನು ಎಸೆದರೆ ಮೇಲಿನವರು ಗಪ್ ಅಂತ ಹಿಡಿಯುತ್ತಾರೆ. ಅದನ್ನು ಬಿಚ್ಚಿ, ಒಂದು ತುದಿ ಇಟ್ಟುಕೊಂಡು, ಉಳಿದದ್ದನ್ನು ನಮ್ಮ ತಲೆಗಳ ಮೇಲೆ ಬೀಸಿ ಬಿಡುತ್ತಾರೆ. ಒಂದೇ ಕ್ಷಣಕ್ಕೆ ಸುತ್ತೆಲ್ಲ ಕಿತ್ತಳೆ ಬಣ್ಣ. ಅಗರಬತ್ತಿ ಹೊಗೆಯ ನಡುವೆ ಹೊಸ ಬಟ್ಟೆಯ ವಾಸನೆ. ಅಮ್ಮ ಗಾಬರಿಯಾಗಿ ಸರಿಯಲು ಹೋದರು. ಪಕ್ಕದ ಥಾಯ್ ಅಜ್ಜಿ ಅವರ ಕೈ ಹಿಡಿದು ಬಟ್ಟೆಯ ಅಂಚು ಕೊಟ್ಟರು. ತೇರಿನ ಹಗ್ಗ ಹಿಡಿದ ಹಾಗೆ ಎಲ್ಲರೂ ಹಿಡಿದು ಕೂತೆವು. ಮಂತ್ರ ಮುಗಿಯಿತು. ಬಟ್ಟೆ ಸರ್ರನೆ ಜಾರಿ ಮೇಲೆ ಹೋಗಿ ಬುದ್ಧನ ಹೆಗಲು ಸೇರಿತು. ಗುಡಿ ಪ್ರವೇಶಕ್ಕೆ ಇಪ್ಪತ್ತು ಬಾತ್ ಕೊಟ್ಟ ವಿದೇಶಿಯರಾದ ನಮ್ಮನ್ನು ಯಾರೂ ಪಕ್ಕಕ್ಕೆ ಹೋಗಿ ಅನ್ನಲಿಲ್ಲ.

ಊರು ಬಿದ್ದ ವರ್ಷ ಈ ಬುದ್ಧನ ಕಣ್ಣಲ್ಲಿ ನೀರು ಬಂತು ಅಂತ ಕಥೆಯಿದೆ. ಚೀನೀ ಮೂಲದವರು ಇವನನ್ನೇ ಸಾಮ್ ಪೊ ಕೋಂಗ್ ಎಂದು, ಹಳೇ ಕಾಲದ ಚೀನೀ ನಾವಿಕ ಝೆಂಗ್ ಹೆ ಹೆಸರಿನ ಜೊತೆ ಸೇರಿಸಿ ಪೂಜಿಸುತ್ತಾರೆ. ಆವರಣದಲ್ಲೇ ಸೊಯ್ ದೊಕ್ ಮಾಕ್ ಎಂಬ ರಾಜಕುಮಾರಿಯ ಚೀನೀ ಗುಡಿಯೂ ಇದೆ. ಇಲ್ಲಿನ ರಾಜನನ್ನು ಮದುವೆಯಾಗಲು ಚೀನಾದಿಂದ ಬಂದ ಅವಳು ದೋಣಿಯಲ್ಲೇ ಕಾದಳಂತೆ. ಎದುರುಗೊಳ್ಳಲು ರಾಜ ತಾನೇ ಬರಲಿಲ್ಲ. ಕೊನೆಗೆ ಬಂದವನಿಗೆ ಅವಳು ಮುನಿಸು ತೋರಿಸಿದಳು. ಅವನು ತಮಾಷೆಗೆ "ಹಾಗಾದ್ರೆ ಅಲ್ಲೇ ಇರು" ಅಂದ. ಅವಳು ಉಸಿರು ಬಿಗಿಹಿಡಿದು ಪ್ರಾಣ ಬಿಟ್ಟಳು. ಅಮ್ಮ ಈ ಕಥೆ ಕೇಳಿ ರಾಜನಿಗೆ ಚೆನ್ನಾಗಿ ಬೈದರು.

ಹೊರಡುವ ಮುಂಚೆ ದೋಣಿಕಟ್ಟೆಗೆ ಹೋಗಿ. ಮೀನಿಗೆ ಹಾಕುವ ತಿಂಡಿ ಅಲ್ಲೇ ಮಾರುತ್ತಾರೆ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡು ಬನ್ನಿ.

ಬ್ಯಾಂಕಾಕ್ ಬಿಟ್ಟು ಬರಲು ಪುರುಸೊತ್ತಿಲ್ಲವೇ? ಹೂವಿನ ಮಾರುಕಟ್ಟೆ ಕಡೆಯಿಂದ ನದಿ ದಾಟಿ ವಾಟ್ ಕಲ್ಯಾಣಮಿತ್ ನೋಡಿ. ಅಯುತ್ಥಾಯದ ಹಾಗೆ ತನ್ನ ರಾಜಧಾನಿಯ ನದಿದಂಡೆಯಲ್ಲೂ ದೊಡ್ಡ ಬುದ್ಧ ಇರಲೆಂದು ಥಾಯ್ ದೊರೆ ಮೂರನೇ ರಾಮ ಮಾಡಿಸಿದ್ದು ಅಲ್ಲಿನ ವಿಗ್ರಹ. ಅಳತೆಯಲ್ಲಿ ಸ್ವಲ್ಪ ಚಿಕ್ಕದು, ಹೆಸರು ಮಾತ್ರ ಅದೇ, ಲುವಾಂಗ್ ಫೊ ತೊ.